ಉತ್ಸವದ ಅಂಗಳದಲ್ಲಿ ದುಡಿಯುವ ಜನ

ರಾಷ್ಟ್ರವೊಂದು ಲೋಕವನ್ನೆಲ್ಲ ಅತಿಥಿಯಾಗಿ ಬರಮಾಡಿಕೊಂಡು, ತನ್ನ ಚರಿತ್ರೆಯನ್ನೂ ಕಲೆಯನ್ನೂ ಮೂರು ನಾಲ್ಕು ಗಂಟೆಗಳ ಅವಧಿಯಲ್ಲಿ ಅದರ ಕಣ್ಣಮುಂದೆ ಹರಡಬೇಕಾಗಿ ಬಂದಾಗ, ಏನನ್ನು ಎತ್ತಿ ತೋರಿಸಿತು, ಏನನ್ನು ಮರೆಯಲ್ಲಿರಿಸಿತು ಎಂಬುದರಲ್ಲಿ ಆ ರಾಷ್ಟ್ರದ ಅಂತರಂಗ ವ್ಯಕ್ತವಾಗುತ್ತದೆ. ಅದನ್ನು ಕಂಡ ಜನ ಯಾವುದಕ್ಕೆ ಹಿಗ್ಗಿದರು, ಯಾವುದಕ್ಕೆ ಸಿಡಿಮಿಡಿಗೊಂಡರು ಎಂಬುದರಲ್ಲಿ ನೋಡುವವರ ಅಂತರಂಗವೂ ಹೊರಬೀಳುತ್ತದೆ. 2012ರ ಜುಲೈ 27ರ ರಾತ್ರಿ ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ ನಡೆದ ಒಲಿಂಪಿಕ್ ಉದ್ಘಾಟನಾ ಸಮಾರಂಭವನ್ನೂ ಅದಕ್ಕೆ ಪ್ರೇಕ್ಷಕರು ತೋರಿದ ಬಗೆಬಗೆಯ ಪ್ರತಿಕ್ರಿಯೆಗಳನ್ನೂ ಇಂದಿಗೂ ಮನನ ಮಾಡುವುದು ವ್ಯರ್ಥವಲ್ಲವೆಂದು ನಾನು ಬಗೆಯುವುದು ಈ ಕಾರಣದಿಂದಲೇ.

ಅದಕ್ಕೆ ನಾಲ್ಕು ವರ್ಷ ಹಿಂದೆ ಬೀಜಿಂಗಿನಲ್ಲಿ ಜಾಂಗ್ ಯಿಮೋ ಅವರ ನಿರ್ದೇಶನದಲ್ಲಿ 2008 ಮಂದಿ ವಾದಕರು ಏಕಕಾಲದಲ್ಲಿ, ಒಂದೇ ಕೈಯೆಂಬಂತೆ, ತಮ್ಮ ವಾದ್ಯಗಳನ್ನು ಬಾರಿಸಿದ್ದನ್ನು ಕಂಡು ಜಗತ್ತು ವಿಸ್ಮಯಗೊಂಡಿದ್ದಿತು. ಆ ಶಿಸ್ತಿನೊಡನೆ ಸ್ಪರ್ಧಿಸಲು ಹೊರಟಿದ್ದರೆ ಲಂಡನ್ ಸೋಲುವುದು ಖಂಡಿತವಾಗಿತ್ತು. ಚಲನಚಿತ್ರ ನಿರ್ದೇಶಕ ಡ್ಯಾನಿ ಬಾಯ್ಲ್ ಆ ಸ್ಪರ್ಧೆಗೆ ಇಳಿಯಲೇ ಇಲ್ಲ. ಅವರು ಸುಮಾರು ಏಳೂವರೆ ಸಾವಿರ ಮಂದಿ ಸ್ವಯಂಸೇವಕರನ್ನು ಕೂಡಿಸಿಕೊಂಡು, ಅರಮನೆಗಳಿಂದಾಗಲಿ ಯುದ್ಧವಿಜಯಗಳಿಂದಾಗಲಿ ಆರಂಭಿಸದೆ, ಹುಲ್ಲುಗಾವಲಿನಿಂದ ಆರಂಭಿಸಿದರು. ಕ್ರೀಡಾಂಗಣದ ನಡುವೆ ನಿಜವಾದ ಹುಲ್ಲು, ನಿಜವಾದ ಕುರಿಗಳು, ಬಾತುಗಳು, ಒಂದು ಹಳ್ಳಿಯ ಕ್ರಿಕೆಟ್ ಆಟ. ನೋಡನೋಡುತ್ತಿದ್ದಂತೆಯೇ ದುಡಿಮೆಯ ಉಡುಪಿನ ಗಂಡಸರೂ ಹೆಂಗಸರೂ ಗುಂಪುಗುಂಪಾಗಿ ಬಂದು ಆ ಹಸುರನ್ನು ಸುರುಳಿ ಸುತ್ತಿ ಹೊತ್ತೊಯ್ದರು. ನೆಲದೊಳಗಿಂದ ಕಾರ್ಖಾನೆಯ ಏಳು ಚಿಮಣಿಗಳು ಒಂದೊಂದಾಗಿ ಮೇಲೆದ್ದವು. ಬಾಲ್ಯದಲ್ಲಿಯೇ ಶ್ರವಣಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡ ಪ್ರಸಿದ್ಧ ತಾಳವಾದ್ಯಗಾರ್ತಿ ಎವ್ಲಿನ್ ಗ್ಲೆನಿಯ ಮುಂದಾಳ್ತನದಲ್ಲಿ ಸುಮಾರು ಸಾವಿರ ಮಂದಿ ಬಾರಿಸತೊಡಗಿದರು. ಅವರಲ್ಲಿ ಅನೇಕರ ಕೈಯಲ್ಲಿದ್ದುದು ಮನೆಯಲ್ಲಿ ಬಳಸುವ ಬಕೆಟ್ಟು, ಕಸದ ಡಬ್ಬಿ. ಆ ಘೋಷದ ನಡುವೆ ಮತಾಧಿಕಾರಕ್ಕಾಗಿ ಹೋರಾಡಿದ ಸ್ತ್ರೀಯರು ನಡೆದುಬಂದರು. ಕೆಲಸವಿಲ್ಲದೆ ಬವಣೆಪಟ್ಟು ರಾಜಧಾನಿಗೆ ಕಾಲ್ನಡಿಗೆಯಲ್ಲಿ ಹೊರಟ ಜಾರೋ ಪಟ್ಟಣದ ಜನ ಬಂದರು. ಕೆರಿಬಿಯನ್ ದ್ವೀಪಗಳಿಂದ ವಿಂಡ್‌ರಷ್ ಹಡಗಿನಲ್ಲಿ ಬಂದಿಳಿದ ವಲಸೆಗಾರರು ಬಂದರು. ಹಠಾತ್ತನೆ ಎಲ್ಲ ಸದ್ದೂ ನಿಂತು, ಮಹಾಯುದ್ಧದಲ್ಲಿ ಮಡಿದವರಿಗಾಗಿ ಎಲ್ಲರೂ ತಲೆಬಾಗಿ ನಿಂತು, ಮತ್ತೆ ದುಡಿಮೆಗೆ ತೊಡಗಿದರು. ಒಂದು ದೇಶ ತನ್ನ ಚರಿತ್ರೆಯನ್ನು ದುಡಿದವರ ಮೈಬೆವರಿನ ಮೂಲಕ ಹೇಳಿಕೊಂಡ ಇಷ್ಟು ದೊಡ್ಡ ಪ್ರದರ್ಶನವನ್ನು ನಾನು ಬೇರೆಲ್ಲಿಯೂ ಕಂಡವನಲ್ಲ.

ಬ್ರಿಟನ್ನಿನಲ್ಲಿಯೇ ಸುಮಾರು 2.7 ಕೋಟಿ ಜನ ದೂರದರ್ಶನದ ಮುಂದೆ ಕುಳಿತು ನೋಡಿದ ಆ ಸಮಾರಂಭದಲ್ಲಿ ಅತ್ಯಂತ ಹೆಚ್ಚಿನ ಚರ್ಚೆಗೆ ಒಳಗಾದುದು ಆಸ್ಪತ್ರೆಯ ದೃಶ್ಯ. 1948ರಲ್ಲಿ ಸ್ಥಾಪಿತವಾದ, ಬಡವ ಬಲ್ಲಿದರೆಂಬ ಭೇದವಿಲ್ಲದೆ ಎಲ್ಲರಿಗೂ ಚಿಕಿತ್ಸೆ ಕೊಡುವ ರಾಷ್ಟ್ರೀಯ ಆರೋಗ್ಯ ಸೇವೆಯ ನಿಜವಾದ ದಾದಿಯರೂ ವೈದ್ಯರೂ ಮಂಚಗಳನ್ನು ತಳ್ಳಿಕೊಂಡು ಬಂದು ಕುಣಿದರು. ರಾಷ್ಟ್ರೀಯ ಸಂಸ್ಕೃತಿಯ ಉತ್ಸವದಲ್ಲಿ ಆಸ್ಪತ್ರೆಗೇನು ಕೆಲಸವೆಂದು ಅಮೆರಿಕದ ಅನೇಕ ಪ್ರೇಕ್ಷಕರು ಬೆರಗಾದರು. ಆಳುವ ಪಕ್ಷದ ಸಂಸತ್ಸದಸ್ಯರೊಬ್ಬರು ಇಡಿಯ ಪ್ರದರ್ಶನವನ್ನೇ ಎಡಪಂಥೀಯ, ಬಹುಸಂಸ್ಕೃತಿಯ ಕಸವೆಂಬ ಅರ್ಥ ಬರುವಂತೆ ಬಹಿರಂಗವಾಗಿ ಹಳಿದರು. ಅವರದೇ ಪಕ್ಷದ ಪ್ರಧಾನಿ ಕ್ಯಾಮರನ್ ಆ ಮಾತನ್ನು ತಳ್ಳಿಹಾಕಬೇಕಾಯಿತು. ಈ ಕಲಹ ಸಮಾರಂಭದ ಸಾಫಲ್ಯಕ್ಕೆ ಸಾಕ್ಷಿಯೆಂದೇ ನನ್ನ ಎಣಿಕೆ. ಕೇವಲ ಬೆಡಗನ್ನು ಕಂಡ ಪ್ರೇಕ್ಷಕ ಚಪ್ಪಾಳೆ ತಟ್ಟಿ ಎದ್ದುಹೋಗುತ್ತಾನೆ. ತನ್ನ ತಾಯಿಗೆ ಹೆರಿಗೆ ಮಾಡಿಸಿದ ಸೂಲಗಿತ್ತಿಯನ್ನೋ ಗಣಿಯಲ್ಲಿ ದುಡಿದ ತನ್ನ ಅಜ್ಜನನ್ನೋ ಅಲ್ಲಿ ಗುರುತಿಸಿದವನಾದರೆ ಕಣ್ಣೀರಿಡುತ್ತಾನೆ, ಇಲ್ಲವೆ ಜಗಳಕ್ಕೆ ನಿಲ್ಲುತ್ತಾನೆ. ಎರಡೂ ತನ್ನದೆಂಬ ಅಭಿಮಾನದಿಂದಲೇ ಹುಟ್ಟುವಂಥವು.

ಆದರೆ ಅದೇ ರಾತ್ರಿ ಅಮೆರಿಕದ ಪ್ರೇಕ್ಷಕರಿಗೆ ಒಂದು ಅನ್ಯಾಯವಾಯಿತು. ನಮ್ಮ ಕಥಕ್ ನೃತ್ಯದಲ್ಲಿ ಪಳಗಿದ, ಬಾಂಗ್ಲಾ ಮೂಲದ ಲಂಡನ್ ನರ್ತಕ ಅಕ್ರಮ್ ಖಾನ್ ಮೃತ್ಯುವನ್ನು ಕುರಿತು ಒಂದು ಗಂಭೀರ ನೃತ್ಯವನ್ನು ಸಂಯೋಜಿಸಿದ್ದರು. ಲಂಡನ್ನಿಗೆ ಒಲಿಂಪಿಕ್ ದೊರೆತ ಮರುದಿನವೇ, 2005ರ ಜುಲೈ 7ರಂದು, ಬಾಂಬ್ ಸ್ಫೋಟಗಳಲ್ಲಿ 52 ಮಂದಿ ಮಡಿದುದನ್ನು ನೆನೆಯದೆ ಆ ಭಾಗವನ್ನು ನೋಡಲು ಲಂಡನ್ನಿನವರಿಗೆ ಸಾಧ್ಯವೇ ಇರಲಿಲ್ಲ. ಎನ್‌ಬಿಸಿ ವಾಹಿನಿ ಅದನ್ನು ಕತ್ತರಿಸಿ, ಆ ಹೊತ್ತಿಗೆ ಈಜುಗಾರ ಮೈಕೆಲ್ ಫೆಲ್ಪ್ಸ್ ಅವರ ಸಂದರ್ಶನವನ್ನು ತೋರಿಸಿತು. ಆತಿಥೇಯನು ತನ್ನ ಮನೆಯ ಸಂತಸದ ನಡುವೆ ಸತ್ತವರನ್ನು ಸ್ಮರಿಸುವಾಗ ಅತಿಥಿಯಾದವನು ಮುಖ ತಿರುಗಿಸಬಾರದು. ಇದನ್ನು ತಿಳಿಯಲು ದೊಡ್ಡ ಶಾಸ್ತ್ರಜ್ಞಾನವೇನೂ ಬೇಕಿಲ್ಲ.

ಇನ್ನು ನಮ್ಮ ವಿಷಯ. ಸುಶೀಲ್ ಕುಮಾರ್ ತ್ರಿವರ್ಣ ಧ್ವಜ ಹಿಡಿದು ಮುನ್ನಡೆದ ಭಾರತೀಯ ತಂಡದೊಡನೆ, ಕೆಂಪು ಅಂಗಿ ತೊಟ್ಟ ಅಪರಿಚಿತ ಯುವತಿಯೊಬ್ಬಳು ಹೆಜ್ಜೆ ಹಾಕಿದ್ದು ಓದುಗರಿಗೆ ನೆನಪಿದ್ದೀತು. ಆಕೆ ನಮ್ಮ ಬೆಂಗಳೂರಿನವಳು, ಸಮಾರಂಭದ ಕಲಾವೃಂದದಲ್ಲಿ ಒಬ್ಬಳು; ಉತ್ಸಾಹ ಮಿತಿಮೀರಿ ಹಾಗೆ ಮಾಡಿದಳೆಂದು ಸಂಘಟಕರ ಅಧ್ಯಕ್ಷ ಸೆಬಾಸ್ಟಿಯನ್ ಕೋ ಸಮಜಾಯಿಷಿ ನೀಡಿದರು. ವರ್ಷಗಟ್ಟಲೆ ಬೆವರು ಸುರಿಸಿದ ಕ್ರೀಡಾಪಟುಗಳಿಗೆ ಸಲ್ಲಬೇಕಾದ ಆ ಕೆಲವು ನಿಮಿಷಗಳು ಬೇರೆಯವರ ಪಾಲಾದುದಕ್ಕೆ ನಾವು ನೊಂದುದು ಸಹಜ. ಆದರೆ ಎಷ್ಟೋ ದಿನ ಪತ್ರಿಕೆಗಳಲ್ಲಿಯೂ ವಾಹಿನಿಗಳಲ್ಲಿಯೂ ಅದೊಂದನ್ನೇ ಕೆದಕಿ, ಒಬ್ಬ ಯುವತಿಯನ್ನು ದೇಶದ ಮುಂದೆ ನಿಲ್ಲಿಸಿ ವಿಚಾರಣೆ ನಡೆಸಿದಂತೆ ವರ್ತಿಸಿದ ನಾವು, ಆ ಸಮಾರಂಭವನ್ನು ಕುರಿತು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳದೆ ಹೋದೆವು.

ಭರತಮುನಿಯ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಇಂದ್ರಧ್ವಜ ಮಹೋತ್ಸವದಲ್ಲಿ ಪ್ರಪ್ರಥಮ ನಾಟ್ಯಪ್ರಯೋಗ. ವಸ್ತು, ದೇವತೆಗಳು ದಾನವರನ್ನು ಗೆದ್ದ ಕಥೆ. ಸಭೆಯಲ್ಲಿದ್ದ ದಾನವರು ತಮ್ಮ ಪರಾಭವವೇ ವಿನೋದದ ವಸ್ತುವಾದುದನ್ನು ಕಂಡು ಕೆರಳಿ, ನಟರ ಮಾತನ್ನೂ ಚಲನೆಯನ್ನೂ ಸ್ತಂಭಿಸುವಂತೆ ಮಾಡಿದರು. ಇಂದ್ರನು ಅವರನ್ನು ಧ್ವಜದಂಡದಿಂದ ಬಡಿದ. ಬ್ರಹ್ಮನಾದರೋ ಅವರನ್ನು ಕರೆದು ಸಮಾಧಾನಪಡಿಸಿ, ನಾಟ್ಯವೆಂಬುದು ನಿಮ್ಮೊಬ್ಬರದೂ ಅಲ್ಲ, ದೇವತೆಗಳೊಬ್ಬರದೂ ಅಲ್ಲ, ಮೂರು ಲೋಕದ ಭಾವಗಳನ್ನೂ ಅದು ಒಳಗೊಳ್ಳತಕ್ಕದ್ದೆಂದು ತಿಳಿಯಹೇಳಿದ. ಉತ್ಸವದಲ್ಲಿ ಸೋತವನಿಗೆ ಯಾವ ಸ್ಥಾನವೆಂಬ ಪ್ರಶ್ನೆ ನಮ್ಮಲ್ಲಿ ಅಷ್ಟು ಪ್ರಾಚೀನವಾದುದು. ಲಂಡನ್ನಿನ ರಂಗದಲ್ಲಾದರೋ ಸೋತವರು ಸೋತವರಾಗಿಯೂ ಕಾಣಿಸಿಕೊಳ್ಳಲಿಲ್ಲ. ಆ ಏಳು ಚಿಮಣಿಗಳ ಕೆಳಗೆ ಉರಿದುದು ಬ್ರಿಟನ್ನಿನ ಕಲ್ಲಿದ್ದಲು ಮಾತ್ರವಲ್ಲ. ಲ್ಯಾಂಕಷೈರಿನ ಗಿರಣಿಗಳು ಏಳುತ್ತಿದ್ದಂತೆ ನಮ್ಮ ನೇಕಾರರ ಮಗ್ಗಗಳು ಊರೂರುಗಳಲ್ಲಿ ಮೌನವಾದವು. 1880ರಲ್ಲಿ ಬ್ರಿಟನ್ನಿನ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗಳ ಆಡಳಿತ ವಹಿಸಿಕೊಂಡಿತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ನುರಿತ ಗಣಿಗಾರರು ಬಂದರು. ತಮಿಳು ತೆಲುಗು ಸೀಮೆಗಳಿಂದ ಬಂದ ಬಡ ಕೂಲಿಗಳು ಮೂರು ಕಿಲೋಮೀಟರಿಗೂ ಮೀರಿದ ಆಳದವರೆಗೆ, ಕಾದ ಬಂಡೆಯ ನಡುವೆ, ಇಳಿದು ದುಡಿದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಮೊದಲು ಹರಿದದ್ದೂ ಆ ಗಣಿಗಳಿಗೇ. ತನ್ನ ದೇಶದ ಶ್ರಮಿಕನನ್ನು ಅಷ್ಟು ಆದರದಿಂದ ರಂಗಕ್ಕೆ ಕರೆತಂದ ಬಾಯ್ಲ್, ಸಾಮ್ರಾಜ್ಯದ ಶ್ರಮಿಕನನ್ನು ಕರೆಯದೆ ಹೋದುದು ಆ ಪ್ರದರ್ಶನದ ನಿಜವಾದ ನ್ಯೂನತೆ. ಭಾರತದ ಪ್ರೇಕ್ಷಕರು ನೊಂದುಕೊಳ್ಳಬೇಕಾಗಿದ್ದುದು ಅದಕ್ಕೆ.

ಹಾಗೆಂದು ಆ ಕೃತಿಯ ಔನ್ನತ್ಯವನ್ನು ನಾನು ಅಲ್ಲಗಳೆಯಲಾರೆ. ಕ್ರೀಡಾಜ್ಯೋತಿ ಅಂಗಣವನ್ನು ಪ್ರವೇಶಿಸುವ ಹೊತ್ತಿನಲ್ಲಿ, ಆ ಕ್ರೀಡಾನಗರಿಯನ್ನು ಕಟ್ಟಿದ 500 ಮಂದಿ ಕಾರ್ಮಿಕರು ತಮ್ಮ ಹೆಲ್ಮೆಟ್ಟುಗಳನ್ನು ಧರಿಸಿ ಎರಡು ಸಾಲಾಗಿ ನಿಂತು ಅದನ್ನು ಸ್ವಾಗತಿಸಿದರು. ಎರಡು ವರ್ಷಕ್ಕೆ ಮುಂಚೆ, 2010ರ ಅಕ್ಟೋಬರಿನಲ್ಲಿ, ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಗಳ ಉದ್ಘಾಟನೆಯೂ ನೋಡಿದವರ ಮನಸ್ಸನ್ನು ಸೂರೆಗೊಂಡಿದ್ದಿತು. ಅಲ್ಲಿ ನಮ್ಮ ವಾದ್ಯಗಳು, ನೃತ್ಯಗಳು, ಯೋಗಾಸನಗಳು ಎಲ್ಲವೂ ಇದ್ದವು. ಆದರೆ ಆ ಕ್ರೀಡಾಂಗಣಗಳನ್ನು ಕಟ್ಟುವಾಗ ದುಡಿದವರಿಗೆ, ದುಡಿಯುತ್ತಲೇ ಪ್ರಾಣ ತೆತ್ತವರಿಗೆ, ಅಂಥ ಸ್ಥಾನ ಸಿಗಲಿಲ್ಲ.

ಕರ್ನಾಟಕದಲ್ಲಿ ದಸರೆಗೂ ರಾಜ್ಯೋತ್ಸವಕ್ಕೂ ಗಣರಾಜ್ಯ ದಿನಕ್ಕೂ ಸ್ತಬ್ಧಚಿತ್ರಗಳನ್ನು ರಚಿಸುವ ಅಧಿಕಾರಿಗಳಲ್ಲಿಯೂ ಕಲಾವಿದರಲ್ಲಿಯೂ ನನ್ನ ಬಿನ್ನಹವಿದು. ಹಂಪೆಯ ಕಲ್ಲಿನ ರಥವೂ ಡೊಳ್ಳು ಕುಣಿತವೂ ನಮ್ಮ ಹೆಮ್ಮೆಯೇ, ಅವು ಇರಲಿ. ಜೊತೆಗೆ ಬೀದಿ ಗುಡಿಸುವ ಪೌರಕಾರ್ಮಿಕರಿಗೂ ಹಳ್ಳಿ ಹಳ್ಳಿಯ ಆಶಾ ಕಾರ್ಯಕರ್ತೆಯರಿಗೂ ಮೆರವಣಿಗೆಯಲ್ಲಿ ಜಾಗ ಮಾಡಿಕೊಡಿ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿ ದುಡಿದವರೂ ಅವರ ಮಕ್ಕಳು ಮೊಮ್ಮಕ್ಕಳೂ ಇನ್ನೂ ಆ ಕಾಲೋನಿಗಳಲ್ಲಿಯೇ ವಾಸವಾಗಿದ್ದಾರೆ. ಅವರ ಕಥೆಯನ್ನು ಹೇಳುವಾಗ ಗೊಂಬೆಗಳನ್ನು ಮಾಡಿಸಬೇಡಿ, ಅವರನ್ನೇ ಕರೆಯಿರಿ.