ಬೆಂದಿದೆ, ಬಡಿಸಿಲ್ಲ

ಗುಬ್ಬಿ ಎಂಬ ಕನ್ನಡ ಫಾಂಟಿನಲ್ಲಿ ಒಂದು ಒತ್ತಕ್ಷರ ಪಕ್ಕದ ಅಕ್ಷರಕ್ಕೆ ತಾಗುತ್ತಿದೆ ಎಂದುಕೊಳ್ಳಿ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಆ ಫಾಂಟಿನ ಪ್ಯಾಕೇಜ್ ನೋಡಿಕೊಳ್ಳುವವರು ಅದನ್ನು ತಿದ್ದಿ ಗಿಟ್‌ಗೆ ಕಮಿಟ್ ಮಾಡುತ್ತಾರೆ. ಅವರ ಮಟ್ಟಿಗೆ ಕೆಲಸ ಮುಗಿಯಿತು. ಆದರೆ ಡೆಬಿಯನ್ ಭಂಡಾರಕ್ಕೆ ಅಪ್‌ಲೋಡ್ ಆಗುವ ತನಕ ನಮ್ಮ ಪರದೆಯ ಮೇಲೆ ಒತ್ತು ತಾಗಿಕೊಂಡೇ ಇರುತ್ತದೆ. ಬೆಂದದ್ದೆಲ್ಲ ಎಲೆಗೆ ಬಿದ್ದಿರುವುದಿಲ್ಲ.

ಈ ಅಂತರದ ಮೇಲೆ ಕಣ್ಣಿಡಲು ಡೆಬಿಯನ್‌ನಲ್ಲಿ ವಿಸಿಎಸ್‌ವಾಚ್ ಎಂಬ ಸಾಧನ ಇದೆ. ಪ್ಯಾಕೇಜಿನ ಕಂಟ್ರೋಲ್ ಕಡತದಲ್ಲಿ ಬರೆದಿರುವ ಗಿಟ್ ವಿಳಾಸ ಹಿಡಿದು ಹೋಗಿ, ಅಲ್ಲಿನ ಚೇಂಜ್‌ಲಾಗನ್ನು ಭಂಡಾರದಲ್ಲಿರುವ ಆವೃತ್ತಿಯೊಂದಿಗೆ ತಾಳೆ ನೋಡುತ್ತದೆ. ಮೇಲಿನ ನಮೂದಿನಲ್ಲಿ ‘ಅನ್‌ರಿಲೀಸ್ಡ್’ ಎಂದಿದ್ದರೆ ಒಂದು ಗುರುತು. ಚೇಂಜ್‌ಲಾಗ್ ಮುಟ್ಟದೆ ಕಮಿಟ್‌ಗಳಷ್ಟೇ ಸೇರಿದ್ದರೆ ಇನ್ನೊಂದು. ಇದನ್ನೆತ್ತಿಕೊಂಡು ಪ್ಯಾಕೇಜ್ ಟ್ರ್ಯಾಕರ್, ಇಷ್ಟು ಕಮಿಟ್‌ಗಳಿವೆ, ಬಿಡುಗಡೆಗೆ ಹೊತ್ತಾಯಿತೇ ಎಂದು ವಿಚಾರಿಸುತ್ತದೆ. ಸಂಬಳವಿಲ್ಲದೆ ದುಡಿಯುವವರ ಮುಂದೆ ಅಪ್ಪಣೆ ಕೊಡದೆ ಪ್ರಶ್ನೆ ಕೇಳುವುದು ಒಳ್ಳೆಯ ನಡತೆಯೇ.

ನನ್ನ ತಕರಾರಿರುವುದು ಎಣಿಕೆಯ ಬಗ್ಗೆ. ಹನ್ನೆರಡು ಕಮಿಟ್ ಎಂದರೆ ಹನ್ನೆರಡೂ ಸ್ಟ್ಯಾಂಡರ್ಡ್ಸ್-ವರ್ಷನ್ ಏರಿಸುವಂಥ, ಸಾಲಿನ ಕೊನೆಯ ಖಾಲಿ ಜಾಗ ಅಳಿಸುವಂಥ ಕಸ ಗುಡಿಸುವ ಕೆಲಸ ಇರಬಹುದು. ಒಂದೇ ಕಮಿಟ್ ಯಾರದೋ ಡೇಟಾ ಉಳಿಸುವಂಥದ್ದಿರಬಹುದು. ಸ್ಥಿರ ಆವೃತ್ತಿಗೆ ಮುಂಚಿನ, ಬದಲಾವಣೆಗಳಿಗೆ ಕಡಿವಾಣವಿರುವ ಫ್ರೀಜ್ ಅವಧಿಯಲ್ಲಂತೂ ಕೈ ಬಿಗಿಹಿಡಿದು ಕೂತವರೇ ಶಿಸ್ತಿನವರು; ಅಂಕಿ ಮಾತ್ರ ಅವರನ್ನು ಸೋಮಾರಿಗಳ ಸಾಲಿಗೆ ಸೇರಿಸುತ್ತದೆ.

ಅದಕ್ಕಿಂತ ಕಾಡುವುದು ತಿರುಗುಮುರುಗಾದ ಅಂತರ. ನಿರ್ವಾಹಕರಲ್ಲದ ಇನ್ನೊಬ್ಬರು ತುರ್ತಿಗೆ ಎನ್‌ಎಂಯು (ನಿರ್ವಾಹಕರಲ್ಲದವರ ಅಪ್‌ಲೋಡ್) ಮಾಡಿ, ಗಿಟ್‌ಗೆ ಹಾಕುವುದನ್ನು ಮರೆತರೆ ಭಂಡಾರ ಮುಂದೆ, ಗಿಟ್ ಹಿಂದೆ. ವಿಸಿಎಸ್‌ವಾಚ್ ಇದಕ್ಕೆ ‘ಓಲ್ಡ್’ ಎಂಬ ಗುರುತು ಕೊಡುತ್ತದೆ. ಗಮನಿಸದೆ ಗಿಟ್‌ನಿಂದಲೇ ಮುಂದಿನ ಅಪ್‌ಲೋಡ್ ಮಾಡಿದರೆ ಸರಿಹೋಗಿದ್ದ ದೋಷ ಮತ್ತೆ ವಕ್ಕರಿಸುತ್ತದೆ. ಬಡಿಸದೆ ಉಳಿದ ಅನ್ನ ನಾಳೆಗಾದರೂ ಆದೀತು. ಎಲೆಗೆ ಬಿದ್ದದ್ದು ಯಾವ ಪಾತ್ರೆಯಿಂದ ಬಂತೆಂದೇ ಗೊತ್ತಿಲ್ಲದಿದ್ದರೆ?

2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ ಪ್ರಕರಣ ಈ ಜಾತಿಯದೇ, ಆದರೆ ಮೂಲ ಯೋಜನೆಯಲ್ಲೇ ನಡೆದದ್ದು. 5.6.0 ಮತ್ತು 5.6.1ರ ಬಿಡುಗಡೆ ಟಾರ್‌ಬಾಲ್‌ಗಳಲ್ಲಿದ್ದ ಒಂದು ಎಂ4 ಕಡತ ಹಿಂಬಾಗಿಲು ತೆರೆಯುತ್ತಿತ್ತು. ಅದರ ಆ ರೂಪ ಗಿಟ್‌ನಲ್ಲಿರಲಿಲ್ಲ. ಆವೃತ್ತಿ ಸಂಖ್ಯೆ ಹೋಲಿಸುವ ವಿಸಿಎಸ್‌ವಾಚ್‌ಗೆ ಇದು ಕಾಣುವಂಥದ್ದಲ್ಲ, ಕಾಣಲಿಲ್ಲವೆಂದು ದೂರುವುದೂ ಅನ್ಯಾಯ. ಆದರೂ ಬಿಡುಗಡೆಯಾಗದ ಕಮಿಟ್‌ಗಳನ್ನು ಇಷ್ಟು ಅಚ್ಚುಕಟ್ಟಾಗಿ ಎಣಿಸುವ ನಾವು, ಕಮಿಟ್ ಆಗದೆ ಬಿಡುಗಡೆಯಾದದ್ದನ್ನು ಅದೇ ಶ್ರದ್ಧೆಯಿಂದ ಹುಡುಕಿದವರಲ್ಲ.

ಎಣಿಕೆಯ ಮಟ್ಟಿಗೆ ದಾರಿ ದೂರವಿಲ್ಲ. ದೋಷ ತಿದ್ದಿದಾಗ ಚೇಂಜ್‌ಲಾಗಿನಲ್ಲಿ ಅದರ ಸಂಖ್ಯೆ ಬರೆಯುವ ರೂಢಿ ಡೆಬಿಯನ್‌ನಲ್ಲಿ ಬಹಳ ಹಿಂದಿನಿಂದಲೂ ಇದೆ. ಟ್ರ್ಯಾಕರಿನಲ್ಲಿ ‘12 ಕಮಿಟ್’ ಇರುವ ಜಾಗಕ್ಕೆ, ಕಾಯುತ್ತಿರುವ ಆ ದೋಷದ ಸಂಖ್ಯೆಯೂ ಅದು ಕಾದ ದಿನಗಳೂ ಬಂದರೆ ಸಾಕು. ‘ಓಲ್ಡ್’ ಎಂಬುದಂತೂ ಪುಟದ ನೆತ್ತಿಯ ಮೇಲೇ ಇರಲಿ.