ಬಣ್ಣದ ಲೈಟಿಗೆ ರೊಕ್ಕ ಕೊಡೋಕ್ಕಿಂತ ಮೊದಲ

ಈಗಿನ ಹುಡುಗ್ರಿಗೆ ಕಂಪ್ಯೂಟರಿನ ಕೂಲರ್ ಅಂದ್ರ ಬಣ್ಣದ ಲೈಟ್ ಇದ್ದದ್ದ ಬೇಕು. ಗಾಜಿನ ಬಾಜೂದಿಂದ ನೋಡಿದ್ರ ಗಣಪ್ಪನ ಮಂಟಪಕ್ಕ ಸರಾ ಬಿಟ್ಟಂಗ ಕಾಣ್ತದ, ಛಂದ ಇಲ್ಲ ಅನ್ನಂಗಿಲ್ಲ. ಆದ್ರ ಆ ಲೈಟು ಒಂದು ಡಿಗ್ರಿನೂ ತಂಪ ಮಾಡಂಗಿಲ್ಲ ಅನ್ನೋದನ್ನ ರೊಕ್ಕ ಎಣಿಸಿ ಕೊಡೋ ನಾವು ತಿಳ್ಕೊಂಡಿರಬೇಕು ನೋಡ್ರಿ ಅಕ್ಕಾರ.

ತಂಪ ಮಾಡೋದು ತಾಮ್ರದ ನಳಿಗಿ, ಅದಕ್ಕ ಹಚ್ಚಿದ ಅಲ್ಯುಮಿನಿಯಮ್ ಪದರ, ಆಮ್ಯಾಲೆ ಫ್ಯಾನು. ಬಿಸಿ ಚಹಾ ಬಸಿಯೊಳಗ ಹಾಕಿ ಊದಿದಂಗ, ಅಷ್ಟ. ಅಂಗಡಿಯವ ಲೈಟ್ ಹಚ್ಚಿ ತೋರಿಸಿದ್ದು ಪರೀಕ್ಷಾ ಅಲ್ಲ. ಕೂಲರ್ ಕೂಡಿಸಿದ ದಿನಾನ ಸಿನೆಬೆಂಚ್ ನಂಥ ಪುಕ್ಕಟೆ ಪ್ರೋಗ್ರಾಮ್ ಅರ್ಧಾ ತಾಸು ಓಡಸ್ರಿ, ಬಾಜೂಕ ಎಚ್‌ಡಬ್ಲ್ಯೂಇನ್ಫೋ ತಗದು ಡಿಗ್ರಿ ನೋಡ್ರಿ. ಖೋಲಿ ಎಷ್ಟು ಬಿಸಿ ಅದ ಅನ್ನೋದನ್ನೂ ಬರಕೋಬೇಕು. 25 ಡಿಗ್ರಿ ಖೋಲ್ಯಾಗ 75 ತೋರಿಸಿದ್ದು, ಬ್ಯಾಸಗ್ಯಾಗ ಖೋಲಿ 35 ಆತಂದ್ರ 85ರ ಆಜೂಬಾಜೂ ಹೋಗ್ತದ. ಹಿಂಗಾಗಿ ಡಿಸೆಂಬರದಾಗ ಮಾಡಿದ ಪರೀಕ್ಷಾ ಏಪ್ರಿಲ್ ದಾಗ ಇನ್ನೊಮ್ಮೆ ಮಾಡಬೇಕು.

ಎಎಂಡಿ ರೈಜನ್ 7000 ಸಾಲಿನ ಭಾಳ ಪ್ರೊಸೆಸರಿಗೆ 95 ಕಡೀ ಗೆರಿ, ಇಂಟೆಲ್ ದವಕ್ಕ ಭಾಳಷ್ಟಕ್ಕ 100. ಆ ಗೆರಿ ಮುಟ್ಟಿತಂದ್ರ ಪ್ರೊಸೆಸರು ತಾನ ವೇಗ ಕಡಿಮಿ ಮಾಡ್ಕೋತದ. ಆಟ ಆಡೋ ಹುಡುಗಂದು ಆಟ ಕೆಡ್ತದ, ಕೆಡಲಿ. ಮನ್ಯಾಗ ಕೂತು ವಿಡಿಯೋ ಎಡಿಟಿಂಗ್ ಮಾಡಿ ನಾಕು ಕಾಸು ಗಳಸೋ ಹೆಣ್ಮಗಳಿಗೆ ಮಾತ್ರ ಕೆಲಸ ಎಳೀತದ, ಹೇಳಿದ ದಿನಕ್ಕ ಕೊಡ್ಲಿಕ್ಕಾಗಂಗಿಲ್ಲ, ಗಿರಾಕಿ ಬ್ಯಾರೆ ಕಡೆ ಹೋಗ್ತಾರ. ಡಿಗ್ರಿ ಒಮ್ಮೆಲೆ ಏರಿತಂದ್ರ ಕೂಲರಿನ ತಳಕ್ಕ ಅಂಟಿಸಿರೋ ಪ್ಲಾಸ್ಟಿಕ್ ಹಾಳಿ ಕಿತ್ತಾರೋ ಇಲ್ಲೋ ಮೊದಲ ಕೇಳ್ರಿ.

ಸಪ್ಪಳಾನೂ ಕೇಳ್ರಿ, ರಾತ್ರಿ ಮನಿ ಸುಮ್ಮನಾದ ಮ್ಯಾಲೆ. ಅತ್ತಿಯವರು ಅದ ಖೋಲ್ಯಾಗ ಮಲಗ್ತಿದ್ರ ಲೈಟು ಆರಿಸ್ಲಿಕ್ಕೆ ಬರ್ತದೋ ಇಲ್ಲೋ ಅದೂ ಪರೀಕ್ಷಾದಾಗ ಬರಬೇಕು. ಕೆಲವು ಸೋವಿ ಕೂಲರಿಗೆ ಆರಿಸೋ ದಾರಿನ ಇಲ್ಲ, ರಾತ್ರಿಯೆಲ್ಲಾ ಕೆಂಪು ಹಸರು ನೀಲಿ ಕುಣೀತಿರ್ತದ. ಲೈಟಿನ ವೈರಿನಾಗೂ ಎರಡು ಥರ ಅವ: 3 ಪಿನ್ನಿಂದು 5 ವೋಲ್ಟು, 4 ಪಿನ್ನಿಂದು 12 ವೋಲ್ಟು. 5ರದ್ದನ್ನ ಒತ್ತಿ 12ಕ್ಕ ಸಿಗಿಸಿದ್ರ ಲೈಟು ಸುಟ್ಟು ಹೋಗ್ತಾವ.

ಲೈಟ್ ಬ್ಯಾಡ ಅಂತ ನಾ ಅನ್ನಂಗಿಲ್ಲ. ನಾವೂ ಹಬ್ಬಕ್ಕ ಜರಿ ಸೀರಿ ಉಡ್ತೀವಿ, ಅದರಾಗ ಸೆಕಿ ಕಡಿಮಿ ಆಗ್ತದಂತ ಅಲ್ಲ. ಅದ ಕೂಲರ್ ಲೈಟ್ ಇಲ್ಲದ್ದೂ ಸಿಗ್ತದೇನು ಕೇಳ್ರಿ. ಸಿಕ್ಕಿತಂದ್ರ ತಂಪಿನ ರೊಕ್ಕ ಮನಿ ಖರ್ಚಿನಾಗ ಹಿಡೀರಿ, ಮ್ಯಾಲಿನ ಬಣ್ಣದ ರೊಕ್ಕ ಹುಡುಗ ತನ್ನ ಕೈಖರ್ಚಿನಾಗ ಕೊಡಲಿ.