ನದೀವಿಹಾರಕ್ಕೆ ಎಂತಹ ಕ್ಯಾಮೆರಾ?

ಮಳೆಗಾಲ ಕಳೆದು ಕೃಷ್ಣೆಯ ಜಲಾಶಯಗಳು ತುಂಬಿದವೆಂದರೆ ಗಚ್ಚಿಬೌಲಿಯ ನಮ್ಮ ಹೋಟೆಲುಗಳ ಅಡಿಗೆಮನೆಯಲ್ಲಿಯೂ ಕಂಪೆನಿಗಳ ಗುಮಾಸ್ತರ ಊಟದ ಬಿಡುವಿನಲ್ಲಿಯೂ ಒಂದೇ ಮಾತು ಕೇಳಿಬರುತ್ತದೆ: ನಾಗಾರ್ಜುನಸಾಗರದಿಂದ ಶ್ರೀಶೈಲಕ್ಕೆ ಲಾಂಚಿನಲ್ಲಿ ಹೋಗಿಬರಬೇಕು. ಈ ಆಸೆ ಸಹಜವಾದುದು. ವರ್ಷವಿಡೀ ಹೊಗೆ, ಆವಿ, ಲೆಕ್ಕದ ಅಂಕಿಗಳ ನಡುವೆ ದುಡಿಯುವವನಿಗೆ ಒಂದು ಹಗಲನ್ನು ನೀರಿನ ಮೇಲೆ ಕಳೆಯುವ ಹಕ್ಕಿದೆ. ಆದರೆ ಈ ಆಸೆಯ ಬೆನ್ನಿಗೆ ಮತ್ತೊಂದು ಆಸೆ ಬಂದು ಸೇರಿಕೊಳ್ಳುವುದನ್ನು ನಾವು ಕೆಲವು ಕಾಲದಿಂದ ಗಮನಿಸುತ್ತಿದ್ದೇವೆ. ಅದರ ವಿಷಯದಲ್ಲಿ ನಾಲ್ಕು ಮಾತು ಬರೆಯುವುದು ಅವಶ್ಯವೆಂದು ತೋರಿದೆ.

ಮೊನ್ನೆ ನಮ್ಮ ಕಚೇರಿಗೆ ಇಬ್ಬರು ತರುಣರು ಬಂದಿದ್ದರು. ಒಬ್ಬ ಕುಂದಾಪುರದ ಕಡೆಯವನು, ಹೋಟೆಲಿನಲ್ಲಿ ಸಪ್ಲೈಯರ್. ಇನ್ನೊಬ್ಬ ಕಲಬುರಗಿಯವನು, ಕಂಪೆನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತ. "ಯಜಮಾನ್ರೇ, ಕಂತಿನ ಮೇಲೆ ದೊಡ್ಡ ಕ್ಯಾಮೆರಾ ಕೊಡ್ತಾರಂತೆ, ತೆಕ್ಕೊಳ್ಳುವುದಾ?" ಎಂದು ಮೊದಲನೆಯವನು ಕೇಳಿದನು. "ಫೋನಿನ್ಯಾಗ ಹಕ್ಕಿ ತೆಗೆದ್ರ ಚುಕ್ಕಿ ಆಗ್ತದ್ರಿ ಸರ" ಎಂದು ಎರಡನೆಯವನು ತನ್ನ ಕಷ್ಟವನ್ನು ಹೇಳಿಕೊಂಡನು. ಇಬ್ಬರ ಪ್ರಶ್ನೆಯೂ ನ್ಯಾಯವಾದುದೇ. ಇಬ್ಬರಿಗೂ ಒಂದೇ ಉತ್ತರ ಸಲ್ಲದೆಂಬುದೇ ಈ ಲೇಖನಕ್ಕೆ ಕಾರಣ.

"ಹೋಟೆಲಿನ ಹುಡುಗನಿಗೆ ಕ್ಯಾಮೆರಾ ಏಕೆ?" ಎಂದು ಮೂಗುಮುರಿಯುವವರ ಪಕ್ಷ ನಮ್ಮದಲ್ಲ. ಒಳ್ಳೆಯ ಚಿತ್ರವನ್ನು ತೆಗೆಯುವ ಕಣ್ಣು ಸಂಬಳದ ಚೀಟಿಯನ್ನು ನೋಡಿ ಬರುವಂತಹುದಲ್ಲ. ಹಾಗೆಯೇ, ಊರಿಗೆ ಹೋಗಬೇಕಾದ ಹಣವನ್ನು ಕ್ಯಾಮೆರಾ ಅಂಗಡಿಯವನ ಕೈಗೆ ಹಾಕಿ ಬರುವುದನ್ನು ಮೆಚ್ಚುವವರ ಪಕ್ಷವೂ ನಮ್ಮದಲ್ಲ. ನದೀವಿಹಾರಕ್ಕೆ ಎರಡು ಕ್ಯಾಮೆರಾ, ಮೂರು ಲೆನ್ಸು, ಚೀಲ, ಮುಕ್ಕಾಲಿ ಬೇಕೆಂದು ಪಟ್ಟಿ ಮಾಡಿಕೊಡುವ ಉಪದೇಶಕರಿದ್ದಾರೆ. ಆ ಪಟ್ಟಿ ಬೇರೆ ಬಗೆಯ ಪ್ರಯಾಣಕ್ಕೆ ಸೇರಿದುದು. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ 'ಗಂಗಾ ವಿಲಾಸ' ಹಡಗು ದಿಬ್ರುಗಢದವರೆಗೆ ಸುಮಾರು 3,200 ಕಿಲೋಮೀಟರ್ ದೂರವನ್ನು 51 ದಿನಗಳಲ್ಲಿ ಕ್ರಮಿಸುವಂತೆ ಏರ್ಪಟ್ಟಿತ್ತು. ಅದರ ಮೊದಲ ಯಾತ್ರಿಕರು ಸ್ವಿಟ್ಜರ್ಲೆಂಡಿನವರು. ಐವತ್ತು ದಿನ ಸ್ವಂತ ಕೊಠಡಿಯಲ್ಲಿ ಇರುವವರಿಗೆ ಮೂರು ಲೆನ್ಸು ಹೊರೆಯಲ್ಲ. ನಮ್ಮದು ಸರದಿಯ ರಜೆಯ ಒಂದು ಹಗಲು, ಹೆಗಲಿಗೊಂದು ಚೀಲ, ಮರುದಿನ ಬೆಳಗಿನ ಜಾವಕ್ಕೆ ಮತ್ತೆ ಒಲೆಯ ಮುಂದೆ ನಿಲ್ಲಬೇಕಾದ ಪ್ರಯಾಣ.

ಆದುದರಿಂದ ಯಂತ್ರದ ಹೆಸರನ್ನು ಕೇಳುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಚಿತ್ರ ಯಾರಿಗಾಗಿ? ಚಿತ್ರ ಯಾವುದರದು?

ಯಾವುದರದು ಎಂಬುದಕ್ಕೆ ಆ ದಾರಿಯೇ ಉತ್ತರ ಹೇಳುತ್ತದೆ. ಹೈದರಾಬಾದಿನಿಂದ ಸುಮಾರು 150 ಕಿಲೋಮೀಟರ್ ದೂರದಲ್ಲಿ ನಾಗಾರ್ಜುನಸಾಗರ. 1955ರ ಡಿಸೆಂಬರ್ 10ರಂದು ಜವಾಹರಲಾಲ ನೆಹರೂ ಅವರು ಶಂಕುಸ್ಥಾಪನೆ ಮಾಡಿದ ಆ ಅಣೆಕಟ್ಟು 1967ರಲ್ಲಿ ಮುಗಿಯಿತು. ನೀರಿನಡಿಗೆ ಹೋಗಲಿದ್ದ ಪ್ರಾಚೀನ ಬೌದ್ಧ ಕ್ಷೇತ್ರವನ್ನು 1954ರಿಂದ 1960ರವರೆಗೆ ಅಗೆದು ಶೋಧಿಸಿ, ದೊರೆತ ಶಿಲ್ಪಗಳನ್ನು ಬೆಟ್ಟದ ಮೇಲೆ ಇರಿಸಿದರು. ಆ ಬೆಟ್ಟವೇ ಇಂದು ದ್ವೀಪವಾಗಿರುವ ನಾಗಾರ್ಜುನಕೊಂಡ. ಅಲ್ಲಿಗೆ ದೋಣಿಯಲ್ಲಿಯೇ ಹೋಗಬೇಕು. ಜಲಾಶಯದಲ್ಲಿ ನೀರು ಸಾಕಷ್ಟಿರುವ ಋತುವಿನಲ್ಲಿ ತೆಲಂಗಾಣ ಪ್ರವಾಸೋದ್ಯಮ ನಿಗಮವು ಶ್ರೀಶೈಲದವರೆಗೆ ಲಾಂಚು ನಡೆಸುವುದುಂಟು. ಹೊರಡುವ ಮೊದಲು ವಿಚಾರಿಸಿಕೊಳ್ಳತಕ್ಕದ್ದು. ದಾರಿಯುದ್ದಕ್ಕೂ ಎರಡು ದಡಗಳಲ್ಲಿ ನಲ್ಲಮಲೆಯ ಬೆಟ್ಟಗಳು, ಹುಲಿಗಳ ಅಭಯಾರಣ್ಯ. ಕೊನೆಗೆ ಮಲ್ಲಿಕಾರ್ಜುನನ ಕ್ಷೇತ್ರ. ಅಲ್ಲಿ ಕೃಷ್ಣೆಗೆ ಪಾತಾಳಗಂಗೆಯೆಂದು ಹೆಸರು. ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಸೇರಿದ ಸ್ಥಳವದು. ಯುಗಾದಿಗೆ ಇಂದಿಗೂ ಕನ್ನಡ ನಾಡಿನ ಭಕ್ತರು ಕಾಲ್ನಡಿಗೆಯಲ್ಲಿ ಅಲ್ಲಿಗೆ ಬರುತ್ತಾರೆ. ಕನ್ನಡಿಗನಿಗೆ ಇದು ಬರಿಯ ವಿಹಾರವಲ್ಲ.

ಇಂತಹ ದಾರಿಯಲ್ಲಿ ತೆಗೆಯಬಹುದಾದ ಚಿತ್ರಗಳು ಮೂರು ಬಗೆ: ಬೆಟ್ಟ ಮತ್ತು ನೀರಿನ ಚಿತ್ರ, ಜೊತೆಗಾರರ ಚಿತ್ರ, ದೂರದ ಹಕ್ಕಿ ಅಥವಾ ಮೊಸಳೆಯ ಚಿತ್ರ. ಮೊದಲಿನ ಎರಡಕ್ಕೆ ಜೇಬಿನಲ್ಲಿರುವ ಫೋನು ಸಾಕು. ಫೋನಿನ ಮುಖ್ಯ ಲೆನ್ಸು ಸಾಮಾನ್ಯವಾಗಿ ಹಳೆಯ ಫಿಲ್ಮ್ ಕ್ಯಾಮೆರಾದ 24ರಿಂದ 28 ಮಿಲಿಮೀಟರ್ ಲೆನ್ಸಿನಷ್ಟು ಅಗಲವಾಗಿ ನೋಡುತ್ತದೆ. ಬೆಟ್ಟಗಳ ಸಾಲಿಗೂ ಇಕ್ಕಟ್ಟಾದ ಲಾಂಚಿನ ಮೇಲೆ ಹತ್ತು ಜನರನ್ನು ಒಂದೇ ಚಿತ್ರದಲ್ಲಿ ಸೇರಿಸುವುದಕ್ಕೂ ಇದೇ ಬೇಕಾದುದು. ಚಿತ್ರ ಕೆಡುವುದಕ್ಕೆ ಬಹುಪಾಲು ಕಾರಣ ಬೆಳಕೇ ಹೊರತು ಯಂತ್ರವಲ್ಲ. ಹಿಂದೆ ಹೊಳೆಯುವ ನೀರು, ಮುಂದೆ ಮಾಡಿನ ನೆರಳಿನಲ್ಲಿ ನಿಂತ ಗೆಳೆಯ. ಆಗ ಮುಖ ಕಪ್ಪಾಗುವುದು ನಿಶ್ಚಯ. ತೆರೆಯ ಮೇಲೆ ಮುಖವಿರುವೆಡೆಯಲ್ಲಿ ಬೆರಳಿಟ್ಟರೆ ಫೋನು ಮುಖಕ್ಕೆ ತಕ್ಕಂತೆ ಬೆಳಕನ್ನು ಅಳೆಯುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಮೊದಲು ಮತ್ತು ಸಂಜೆ ನಾಲ್ಕರ ಅನಂತರ ಬೆಳಕು ಓರೆಯಾಗಿ ಬೀಳುವುದರಿಂದ ಬೆಟ್ಟಗಳಿಗೆ ಉಬ್ಬುತಗ್ಗು ಕಾಣುತ್ತದೆ. ನಡುಹಗಲಿನಲ್ಲಿ ಚಿತ್ರ ತೆಗೆಯುವುದನ್ನು ಬಿಟ್ಟು ಬುತ್ತಿ ಬಿಚ್ಚುವುದು ಉತ್ತಮ.

ಹಕ್ಕಿಯ ಮಾತು ಬೇರೆ. ಕಲಬುರಗಿಯ ತರುಣನ ದೂರು ಸತ್ಯವಾದುದು. ದೂರವನ್ನು ಹತ್ತಿರ ಮಾಡುವ ಲೆನ್ಸು ಇಲ್ಲದ ಫೋನಿನಲ್ಲಿ ಬೆರಳಿನಿಂದ ಚಿತ್ರವನ್ನು ಹಿಗ್ಗಿಸುವುದೆಂದರೆ ಅಂಚನ್ನು ಕತ್ತರಿಸಿ ಎಸೆದಂತೆ. ಎರಡು ಪಟ್ಟು ಹಿಗ್ಗಿಸಿದರೆ ಚಿತ್ರದ ವಿವರಗಳಲ್ಲಿ ನಾಲ್ಕನೆಯ ಒಂದು ಭಾಗ ಉಳಿಯುತ್ತದೆ. ನಾಲ್ಕು ಪಟ್ಟು ಹಿಗ್ಗಿಸಿದರೆ ಹದಿನಾರನೆಯ ಒಂದು ಭಾಗ. ಹಕ್ಕಿ ಹಕ್ಕಿಯಾಗಿ ಕಾಣಬೇಕಾದರೆ 300 ಮಿಲಿಮೀಟರಿಗೆ ಕಡಿಮೆಯಿಲ್ಲದ ಲೆನ್ಸು ಬೇಕು. ದೊಡ್ಡ ಕ್ಯಾಮೆರಾದ ಜೊತೆಗೆ ಅಂಗಡಿಯವರು ಕೊಡುವ 18–55 ಮಿಲಿಮೀಟರ್ ಲೆನ್ಸು ಈ ಕೆಲಸಕ್ಕೆ ಬಾರದು. ಇದನ್ನರಿಯದೆ ಹಕ್ಕಿಗಾಗಿ ಕ್ಯಾಮೆರಾ ಕೊಂಡು, ಮನೆಗೆ ಬಂದ ಮೇಲೆ ಮತ್ತೆ ಅದೇ ಚುಕ್ಕಿಯನ್ನು ಕಂಡವರನ್ನು ನಾವು ಬಲ್ಲೆವು. ಲೆನ್ಸು ಬದಲಾಯಿಸಲಾಗದ, ಆದರೆ ಬಹುದೂರ ನೋಡಬಲ್ಲ ಜೂಮ್ ಕ್ಯಾಮೆರಾಗಳೂ ಇವೆ. ಹಗಲಿನ ಬೆಳಕಿನಲ್ಲಿ ಅವು ಒಳ್ಳೆಯ ಕೆಲಸಗಾರರು. ಒಳಗಿನ ಬೆಳಕುಗ್ರಾಹಿ ಫಲಕ ಚಿಕ್ಕದಾದುದರಿಂದ ಮಬ್ಬಿನಲ್ಲಿ ಸೋಲುತ್ತವೆ. ಲಾಂಚಿನ ಮೇಲೆ ಮುಕ್ಕಾಲಿಯಿಂದ ಪ್ರಯೋಜನವಿಲ್ಲ. ಎಂಜಿನಿನ ನಡುಕ ಅದರ ಕಾಲುಗಳ ಮೂಲಕವೇ ಕ್ಯಾಮೆರಾಕ್ಕೆ ಏರುತ್ತದೆ. ಕೈಯಲ್ಲಿ ಹಿಡಿದು, ಸೆಕೆಂಡಿನ 500ನೆಯ ಒಂದು ಭಾಗ ಅಥವಾ ಅದಕ್ಕೂ ಚುರುಕಾದ ವೇಗದಲ್ಲಿ ತೆಗೆಯುವುದೇ ಸರಿ. ನೀರಿನ ಥಳಕನ್ನು ತಗ್ಗಿಸುವ ಪೋಲರೈಸರ್ ಗಾಜೊಂದುಂಟು. ಅದು ಒಳಬರುವ ಬೆಳಕಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ತಾನೇ ನುಂಗುವುದರಿಂದ ಹಾರುವ ಹಕ್ಕಿಗೆ ಅದನ್ನು ಹಾಕಬಾರದು.

ಹಾಗಾದರೆ ಕೊಳ್ಳಬೇಕೆ? ಒಂದು ಹಗಲಿನ ಹಕ್ಕಿಗಾಗಿ ಕೊಳ್ಳಬೇಕಾಗಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಈ ನಗರದಲ್ಲಿ ಕ್ಯಾಮೆರಾ, ಲೆನ್ಸುಗಳನ್ನು ದಿನದ ಬಾಡಿಗೆಗೆ ಕೊಡುವವರಿದ್ದಾರೆ. ಐದಾರು ಜನ ಸೇರಿ ಬಾಡಿಗೆ ಹಂಚಿಕೊಂಡರೆ ಒಬ್ಬೊಬ್ಬನಿಗೆ ಬೀಳುವುದು ಅಲ್ಪ. ಬಾಡಿಗೆಗೆ ತಂದವನಿಗೆ ಮತ್ತೊಂದು ಲಾಭವಿದೆ: ತನ್ನ ಆಸೆ ನಿಜವಾದ ಹವ್ಯಾಸವೋ ಅಥವಾ ಒಂದು ದಿನದ ಉಮೇದೋ ಎಂಬುದು ತಿಳಿಯುತ್ತದೆ. ಮೂರು ಬಾರಿ ಬಾಡಿಗೆಗೆ ತಂದು, ಮೂರು ಬಾರಿಯೂ ಬೆಳಕು ಹರಿಯುವ ಮುನ್ನ ಎದ್ದು ಚಿತ್ರ ತೆಗೆದವನು ಹಣ ಕೂಡಿಟ್ಟು ಕೊಳ್ಳಲಿ, ನಾವೂ ಸಂತೋಷಪಡುವೆವು. ಕೂಡಿಟ್ಟು ಎಂಬ ಮಾತಿಗೆ ಗಮನ ಕೊಡಬೇಕು. 60,000 ರೂಪಾಯಿನ ವಸ್ತುವನ್ನು 12 ಕಂತಿನಲ್ಲಿ ಕೊಂಡರೆ ಬಡ್ಡಿಯಿಲ್ಲದಿದ್ದರೂ ತಿಂಗಳಿಗೆ 5,000 ರೂಪಾಯಿ. ಇನ್ನು 'ಸೊನ್ನೆ ಬಡ್ಡಿ' ಎಂಬ ಮಾತು. ಬಡ್ಡಿಯನ್ನು ಇತರ ಶುಲ್ಕಗಳ ಹೆಸರಿನಲ್ಲಿ ಮರೆಮಾಡುವ ಇಂತಹ ಯೋಜನೆಗಳ ಬಗೆಗೆ ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ವಿಹಾರ ಒಂದು ದಿನದಲ್ಲಿ ಮುಗಿಯುತ್ತದೆ; ಕಂತು ಹನ್ನೆರಡು ಸಲ ಬಾಗಿಲು ತಟ್ಟುತ್ತದೆ. ಅದರಲ್ಲಿ ಯಾವುದೋ ಒಂದು ತಿಂಗಳು ಊರಿನಲ್ಲಿ ತಂಗಿಯ ಶಾಲೆಯ ಶುಲ್ಕವೂ ತಾಯಿಯ ಔಷಧವೂ ಕಾದಿರುತ್ತವೆ.

ಕರಾವಳಿಯವರಿಗೆ ಇನ್ನೊಂದು ಮಾತು. ಕ್ಯಾಮೆರಾವನ್ನು ಊರಿಗೊಯ್ದು ಮಳೆಗಾಲವಿಡೀ ಪೆಟ್ಟಿಗೆಯಲ್ಲಿಟ್ಟರೆ ಲೆನ್ಸಿನ ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ. ಉಪ್ಪಿನಕಾಯಿ ಭರಣಿಯನ್ನು ಕಾಪಾಡುವುದಕ್ಕಿಂತ ಹೆಚ್ಚಿನ ಜಾಗ್ರತೆ ಅದಕ್ಕೆ ಬೇಕು. ಗಾಳಿಯಾಡದ ಡಬ್ಬಿಯೂ ತೇವ ಹೀರುವ ಸಿಲಿಕಾ ಹರಳೂ ಇಲ್ಲದೆ ಉಳಿಯದು.

ಫೋನನ್ನೇ ಒಯ್ಯುವವರು ಇಷ್ಟು ಮಾಡಿಕೊಂಡರೆ ಸಾಕು. ಹಿಂದಿನ ರಾತ್ರಿಯೇ ಹಳೆಯ ಚಿತ್ರಗಳನ್ನು ಬೇರೆಡೆಗೆ ಸಾಗಿಸಿ ಜಾಗ ಮಾಡಿಕೊಳ್ಳುವುದು. ತುಂಬಿದ ಪವರ್ ಬ್ಯಾಂಕು ಒಂದನ್ನು ಇಟ್ಟುಕೊಳ್ಳುವುದು. ಬೆಟ್ಟಗಳ ನಡುವೆ ಸಂಕೇತ ಸಿಗದೆ ಹುಡುಕಿ ಹುಡುಕಿಯೇ ಫೋನಿನ ಬ್ಯಾಟರಿ ಬರಿದಾಗುವುದರಿಂದ, ಅಲ್ಲಿ ವಿಮಾನಯಾನದ ಗುಂಡಿಯನ್ನು ಒತ್ತಿಡುವುದು. ಲೆನ್ಸಿನ ಮೇಲಿನ ಎಣ್ಣೆಬೆರಳಿನ ಗುರುತನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರಸುವುದು; ನಮ್ಮ ಕಸುಬಿನವರ ಚಿತ್ರಗಳು ಮಂಜಾಗುವುದಕ್ಕೆ ಇದೇ ಮುಖ್ಯ ಕಾರಣ. ಕೊರಳಿಗೊಂದು ದಾರ, ನೀರು ಹೊಗದ ಪ್ಲಾಸ್ಟಿಕ್ ಚೀಲ. ನೀರು ತಾಳುವುದೆಂದು ಬರೆದ ಫೋನುಗಳನ್ನು ಪರೀಕ್ಷಿಸುವುದು ನಿಂತ ಸಿಹಿನೀರಿನಲ್ಲಿ, ಗೊತ್ತಾದ ಆಳದಲ್ಲಿ, ಗೊತ್ತಾದ ನಿಮಿಷಗಳವರೆಗೆ. ಕೃಷ್ಣೆಯ ಆಳಕ್ಕೆ ಆ ಅಳತೆಯಿಲ್ಲ. ಅಣೆಕಟ್ಟಿನ ಬಳಿ ಕಾವಲಿನವರು ಚಿತ್ರ ತೆಗೆಯಬೇಡಿರೆಂದರೆ ವಾದಿಸದೆ ಒಳಗಿಡುವುದು.

ಇವೆಲ್ಲಕ್ಕಿಂತ ಮೊದಲು ತೊಡಬೇಕಾದುದು ಜೀವರಕ್ಷಕ ಜಾಕೆಟು. 2019ರ ಸೆಪ್ಟೆಂಬರ್ 15ರಂದು ಪಾಪಿಕೊಂಡಲು ನೋಡಲು ಹೊರಟ ದೋಣಿಯೊಂದು ಪ್ರವಾಹದ ಗೋದಾವರಿಯಲ್ಲಿ ಕಚ್ಚುಲೂರಿನ ಬಳಿ ಮುಳುಗಿ ಹತ್ತಾರು ಜನ ಪ್ರಾಣ ಬಿಟ್ಟರು. ಅದರಲ್ಲಿ ಹೈದರಾಬಾದಿನಿಂದ ಹೋದವರೂ ಇದ್ದರು. ಅವರೂ ನಮ್ಮಂತೆ ರಜೆ ಪಡೆದು ವಿಹಾರಕ್ಕೆ ಹೋದವರೇ. ಚಿತ್ರದಲ್ಲಿ ಚಂದ ಕಾಣುವುದಿಲ್ಲವೆಂದು ಜಾಕೆಟು ಕಳಚುವುದು, ಅಂಚಿನ ಕಂಬಿಯ ಮೇಲೆ ಏರುವುದು, ಮೊಸಳೆ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ನುಗ್ಗುವುದು, ಇವು ಮೂರೂ ನಿಷಿದ್ಧ. ಜಾಕೆಟು ತೊಟ್ಟ ಚಿತ್ರವನ್ನು ನೋಡಿ ಯಾವ ತಾಯಿಯೂ ಬೇಸರಪಡಲಾರಳು.

ಇನ್ನುಳಿದುದು ಮೊದಲ ಪ್ರಶ್ನೆ: ಚಿತ್ರ ಯಾರಿಗಾಗಿ? ಇದೇ ಹೈದರಾಬಾದಿನಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳರು (1844–1905) ಭಾರವಾದ ಪೆಟ್ಟಿಗೆ, ಗಾಜಿನ ಫಲಕಗಳನ್ನು ಹೊರಿಸಿಕೊಂಡು ತೆಗೆದ ಚಿತ್ರಗಳನ್ನು ನಾವಿಂದೂ ನೋಡುತ್ತೇವೆ. ಯಂತ್ರ ಹಳೆಯದಾಯಿತು, ಚಿತ್ರ ಉಳಿಯಿತು. ಉಳಿದುದು ಅದನ್ನು ಅಚ್ಚುಹಾಕಿ ಜೋಪಾನ ಮಾಡಿದುದರಿಂದ. 1999ರ ಸುಮಾರಿಗೆ ನಾವು ಹೋಟೆಲಿನ ಹನ್ನೊಂದು ಜನ ಎರವಲು ತಂದ ಒಂದು ಕೊಡಕ್ ಕೆಬಿ–10 ಕ್ಯಾಮೆರಾ ಹಿಡಿದು ನಾಗಾರ್ಜುನಸಾಗರಕ್ಕೆ ಹೋಗಿದ್ದೆವು. ಒಂದು ರೋಲಿಗೆ 36 ಚಿತ್ರ. ತಲೆಗೆ ಮೂರರ ಲೆಕ್ಕ. ಗುಂಡಿಯೊತ್ತುವ ಮುನ್ನ ಎಲ್ಲರೂ ಚರ್ಚೆ ಮಾಡುತ್ತಿದ್ದರು. ತೊಳೆಸಿದ ಮೇಲೆ ಒಬ್ಬೊಬ್ಬನೂ ತನ್ನ ಪ್ರತಿಯನ್ನು ಅಂಚೆಯಲ್ಲಿ ಊರಿಗೆ ಕಳುಹಿಸಿದನು. ಅಡಿಗೆ ಭಟ್ಟರೊಬ್ಬರು ತೀರಿಕೊಂಡಾಗ ಅವರ ಮನೆಯವರು ಹೂಮಾಲೆ ಹಾಕಿದುದು ಅದೇ ಚಿತ್ರಕ್ಕೆ. ಬೇರೊಂದು ಚಿತ್ರ ಆ ಮನೆಯಲ್ಲಿ ಇರಲಿಲ್ಲ. ಇಂದು ಒಂದು ಹಗಲಿನಲ್ಲಿ ಆರು ನೂರು ಚಿತ್ರ ತೆಗೆಯುತ್ತೇವೆ. ಫೋನು ಕೆಟ್ಟರೆ ಆರು ನೂರೂ ಹೋಗುತ್ತವೆ.

ಆದುದರಿಂದ ಕುಂದಾಪುರದ ತರುಣನಿಗೆ ನಾವು ಹೇಳಿದುದು ಇಷ್ಟೇ: ಕಂತು ಬೇಡ, ಇರುವ ಫೋನಿನಲ್ಲಿ ತೆಗೆ. ಅವುಗಳಲ್ಲಿ ಹತ್ತನ್ನು ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸು. ಹಿಂಬದಿಯಲ್ಲಿ ದಿನಾಂಕವನ್ನೂ ಜೊತೆಗಾರರ ಹೆಸರನ್ನೂ ಬರೆದು ಮನೆಗೆ ಕಳುಹಿಸು. ಕಲಬುರಗಿಯವನಿಗೆ, ಈ ಸಲ ಬಾಡಿಗೆಗೆ ತಾ ಎಂದೆವು. ನಮ್ಮ ಕನ್ನಡ ಸಂಘಗಳೂ ಈ ಕಡೆ ಗಮನ ಕೊಡಬಾರದೇಕೆ? ಸಂಘಕ್ಕೊಂದು ಒಳ್ಳೆಯ ಕ್ಯಾಮೆರಾವೂ ದೂರದ ಲೆನ್ಸೂ ಇದ್ದು, ಸದಸ್ಯರು ಸರದಿಯ ಮೇಲೆ ಒಯ್ಯುವಂತಾದರೆ, ಒಬ್ಬನ ಸಾಲದಿಂದ ಆಗದುದು ಹತ್ತು ಜನರ ಒಗ್ಗಟ್ಟಿನಿಂದ ಆದೀತು.

ಶ್ರೀಶೈಲದ ದೇವಾಲಯದೊಳಕ್ಕೆ ಕ್ಯಾಮೆರಾವನ್ನಾಗಲಿ ಫೋನನ್ನಾಗಲಿ ಬಿಡುವುದಿಲ್ಲ. ದೊಡ್ಡದಾಗಲಿ, ಚಿಕ್ಕದಾಗಲಿ, ಸಾಲದ್ದಾಗಲಿ, ಸ್ವಂತದ್ದಾಗಲಿ, ಎಲ್ಲವನ್ನೂ ಹೊರಗೆ ಒಪ್ಪಿಸಿ ಚೀಟಿ ಪಡೆದು ಬರಿಗೈಯಲ್ಲಿ ಒಳಗೆ ಹೋಗಬೇಕು. ಆ ಸಾಲಿನಲ್ಲಿ ನಿಂತಾಗ, ಮುಂದಿನ ತಿಂಗಳ ಕಂತಿನ ಚಿಂತೆಯನ್ನೂ ಹೊರಗೇ ಬಿಟ್ಟು ಹೋಗುವಂತಿದ್ದರೆ ಚೆನ್ನಾಗಿತ್ತು. ಅದಕ್ಕೆ ಮಾತ್ರ ಅಲ್ಲಿ ಚೀಟಿ ಕೊಡುವವರಿಲ್ಲ.